ಊರಿಗೊಂದು ಒಲೆ, ಊರಿಗೊಂದು ತಂಪುಮನೆ

(ಕೃಷಿ ಇನ್‌ಸ್ಪೆಕ್ಟರರೊಬ್ಬರು, ಎಲ್. ಏಜಿ., ಬರೆದುದು)

ಒಕ್ಕಲುತನಕ್ಕೆ ನೀರು ಗೊಬ್ಬರಗಳು ಎಷ್ಟು ಅವಶ್ಯವೋ ಶಾಖವೂ ತಂಪೂ ಅಷ್ಟೇ ಅವಶ್ಯವಾಗಿರುತ್ತವೆ. ಅನ್ನ ಬೇಯುವುದಕ್ಕೆ, ಕಬ್ಬಿನ ರಸವು ಬೆಲ್ಲವಾಗುವುದಕ್ಕೆ, ಹಾಲಿನ ಕ್ಯಾನುಗಳು ಶುದ್ಧವಾಗುವುದಕ್ಕೆ ಶಾಖ ಬೇಕು. ಕರೆದ ಹಾಲು ಕೆಡದಿರುವುದಕ್ಕೆ, ಕಿತ್ತ ಕಾಯಿಪಲ್ಲೆ ಬಾಡದಿರುವುದಕ್ಕೆ ತಂಪು ಬೇಕು. ಆದರೆ ಬಾವಿಯ ನೀರಿಗೆ ಸರದಿ ಹಚ್ಚುವ ರೈತರು ಒಲೆಯ ಶಾಖಕ್ಕೆ ಲೆಕ್ಕ ಇಡುವುದು ಅಪರೂಪ. ಉರಿಸಿದ ಕಟ್ಟಿಗೆಯಲ್ಲಿ ಎಷ್ಟು ಪಾಲು ಪಾತ್ರೆಗೆ ಸೇರಿತು, ಎಷ್ಟು ಪಾಲು ಹೊಗೆಯೊಡನೆ ಹೋಯಿತು ಎಂದು ವಿಚಾರಿಸುವವರು ಇನ್ನೂ ಕಡಿಮೆ. ಈ ಲೆಕ್ಕವನ್ನು ಮನೆಯ ಮಟ್ಟದಲ್ಲಿ ಅಲ್ಲದೆ ಊರಿನ ಮಟ್ಟದಲ್ಲಿ ಹೇಗೆ ಇಡಬಹುದೆಂಬುದನ್ನು ಗ್ರಾಮಪ್ರಮುಖರ ಮತ್ತು ಭೂಮಾಲಿಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶವು.

ಮೋರಖಂಡಿಯಲ್ಲಿ ಕೇಳಿದ ಪ್ರಶ್ನೆ

ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಗೆ ಒಂದು ಚಳಿಗಾಲದಲ್ಲಿ ತೊಗರಿಯ ಬೆಳೆಯನ್ನು ನೋಡಲು ಹೋಗಿದ್ದೆನು. ಬೆಳಗಿನ ಜಾವದಲ್ಲಿ ಹೊಲದ ಕಡೆಯ ಗಾಣದಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು; ಅದರ ಹೊಗೆಗೂಡಿನಿಂದ ಕೈ ಸುಡುವಷ್ಟು ಬಿಸಿಗಾಳಿ ಆಕಾಶಕ್ಕೆ ಏರುತ್ತಿತ್ತು. ಅದೇ ಹೊತ್ತಿನಲ್ಲಿ ಊರೊಳಗೆ ಹೆಣ್ಣುಮಕ್ಕಳು ತೊಗರಿಕಟ್ಟಿಗೆ ಕುಳ್ಳುಗಳನ್ನು ಒಟ್ಟಿ, ಕಣ್ಣೊರಸಿಕೊಳ್ಳುತ್ತ ಒಲೆ ಊದುತ್ತಿದ್ದರು. ಒಂದು ಕಡೆ ಶಾಖವು ಹಾಳಾಗುತ್ತಿದೆ, ಇನ್ನೊಂದು ಕಡೆ ಶಾಖಕ್ಕಾಗಿ ಕಷ್ಟಪಡುತ್ತಿದ್ದಾರೆ ಎಂಬ ಸಂಗತಿಯು ಕಣ್ಣಿಗೆ ಕಟ್ಟಿತು.

ಅಂದು ಚಾವಡಿಯಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು, "ಸಾಹೇಬ್ರ, ಪರದೇಶದಾಗ ಒಂದೇ ಒಲಿಯಿಂದ ಊರಿಗೂರೇ ಬೆಚ್ಚಗ ಮಾಡ್ತಾರಂತ, ಖರೇ ಏನ್ರಿ?" ಎಂದು ಕೇಳಿದರು. "ಖರೇ ಅದ ಗೌಡರೇ, ಆದರ ನಮಗ ಬೇಕಾದ್ದು ಬ್ಯಾರೆ ಅದ" ಎಂದು ಹೇಳಿದೆನು. ಅಂದು ನಾಲ್ಕು ಮಾತಿನಲ್ಲಿ ಮುಗಿಸಿದ ಉತ್ತರವನ್ನು ಇಲ್ಲಿ ವಿಸ್ತರಿಸಿ ಬರೆದಿರುತ್ತೇನೆ.

ಹೊರದೇಶಗಳ ಪದ್ಧತಿ

ಒಂದೆಡೆ ನೀರನ್ನು ಕಾಯಿಸಿ, ಕೊಳವೆಗಳ ಮೂಲಕ ಮನೆಮನೆಗೆ ಕಳುಹಿ, ತಣಿದ ನೀರನ್ನು ಮತ್ತೆ ಹಿಂದಕ್ಕೆ ತಂದು ಕಾಯಿಸುವ ಪದ್ಧತಿಯು ಶೀತದೇಶಗಳಲ್ಲಿ ಬಹಳ ಹಳೆಯದು. ಫ್ರಾನ್ಸ್ ದೇಶದ ಷೋದ್-ಎಗ್ ಎಂಬ ಊರಿನಲ್ಲಿ ನೆಲದಿಂದ ಉಕ್ಕುವ ಬಿಸಿನೀರನ್ನು ೧೪ನೆಯ ಶತಮಾನದಲ್ಲಿಯೇ ಮನೆಗಳಿಗೆ ಹಂಚುತ್ತಿದ್ದರು. ಅಮೆರಿಕದ ಲಾಕ್‌ಪೋರ್ಟ್ ಪಟ್ಟಣದಲ್ಲಿ ೧೮೭೭ರಲ್ಲಿ ಬರ್ಡ್‌ಸಿಲ್ ಹಾಲಿ ಎಂಬವರು ಒಂದೇ ಬಾಯ್ಲರಿನ ಆವಿಯನ್ನು ಹಲವು ಕಟ್ಟಡಗಳಿಗೆ ಒದಗಿಸಿದರು. ಐಸ್‌ಲೆಂಡಿನ ರೇಕ್ಯವೀಕ್ ನಗರದಲ್ಲಿ ೧೯೩೦ರಲ್ಲಿ ಸುಮಾರು ೩ ಕಿಲೋಮೀಟರ್ ಕೊಳವೆ ಹಾಕಿ ಬಿಸಿಬುಗ್ಗೆಯ ನೀರನ್ನು ಮೊದಲು ಶಾಲೆ, ಆಸ್ಪತ್ರೆಗಳಿಗೂ ಕೆಲವು ಮನೆಗಳಿಗೂ ಕೊಟ್ಟರು. ಇಂದು ಆ ದೇಶದ ಹತ್ತರಲ್ಲಿ ಒಂಬತ್ತು ಮನೆಗಳು ನೆಲದೊಳಗಿನ ಶಾಖದಿಂದಲೇ ಬೆಚ್ಚಗಿರುತ್ತವೆ.

ರೈತರು ವಿಶೇಷವಾಗಿ ಗಮನಿಸತಕ್ಕ ಉದಾಹರಣೆಗಳು ಇನ್ನೆರಡು. ಡೆನ್ಮಾರ್ಕ್ ದೇಶದಲ್ಲಿ ೧೯೭೩ರ ತೈಲದ ಅಭಾವವಾದ ಮೇಲೆ, ೧೯೭೯ರಲ್ಲಿ ಶಾಖದ ಸರಬರಾಯಿಗೆಂದೇ ಒಂದು ಕಾನೂನನ್ನು ಮಾಡಿದರು. ಅಲ್ಲಿನ ಅನೇಕ ಊರುಗಳಲ್ಲಿ ಗೋಧಿಯ ಹುಲ್ಲನ್ನು ಸುಡುವ ಬಾಯ್ಲರುಗಳಿವೆ. ರೈತನು ಹುಲ್ಲಿನ ಕಟ್ಟುಗಳನ್ನು ತೂಕ ಮಾಡಿ ಮಾರುವನು, ಅದರ ಶಾಖವು ಅವನ ಊರಿಗೇ ಸೇರುವುದು. ಜರ್ಮನಿಯ ಯ್ಯೂಂಡೆ ಎಂಬುದು ಸುಮಾರು ೭೫೦ ಜನರಿರುವ ಹಳ್ಳಿ. ಅಲ್ಲಿನವರು ಸಹಕಾರಿ ಸಂಘವನ್ನು ಕಟ್ಟಿ, ೨೦೦೫ರಲ್ಲಿ ಸೆಗಣಿ ಮತ್ತು ಹಸಿಮೇವುಗಳಿಂದ ಅನಿಲ ತಯಾರಿಸುವ ಸ್ಥಾವರವನ್ನು ನಡೆಸಲಾರಂಭಿಸಿದರು. ಆ ಅನಿಲದಿಂದ ಎಂಜಿನ್ ತಿರುಗಿ ವಿದ್ಯುತ್ತು ಹುಟ್ಟುವುದು; ಎಂಜಿನನ್ನು ತಣಿಸಿದ ಬಿಸಿನೀರು ಸುಮಾರು ಐದೂವರೆ ಕಿಲೋಮೀಟರ್ ಕೊಳವೆಯಲ್ಲಿ ಹರಿದು ಸುಮಾರು ೧೪೦ ಮನೆಗಳನ್ನು ಬೆಚ್ಚಗಿಡುವುದು; ಕಡು ಚಳಿಯಲ್ಲಿ ಸಾಲದಾದಾಗ ಮರದ ಚಕ್ಕೆಗಳ ಬಾಯ್ಲರೊಂದು ನೆರವಾಗುವುದು.

ತಂಪನ್ನು ಹಂಚುವ ಪದ್ಧತಿಯೂ ಇದೇ ಬಗೆಯದು. ಕೆನಡಾದ ಟೊರಾಂಟೊ ನಗರದಲ್ಲಿ ೨೦೦೪ರಿಂದ ಆಳದ ಸರೋವರದ ನೀರಿನ ತಂಪನ್ನು ದೊಡ್ಡ ಕಟ್ಟಡಗಳಿಗೆ ಒದಗಿಸುತ್ತಾರೆ. ನಮ್ಮ ದೇಶದಲ್ಲಿಯೂ ಗುಜರಾತಿನ ಗಾಂಧಿನಗರದ ಬಳಿಯ ಗಿಫ್ಟ್ ಸಿಟಿಯಲ್ಲಿ ಒಂದೇ ಕೇಂದ್ರದಿಂದ ತಣ್ಣೀರನ್ನು ಕಟ್ಟಡಗಳಿಗೆ ಹರಿಸುವ ಏರ್ಪಾಟಿದೆ.

ನಮಗೆ ಒಪ್ಪುವ ಭಾಗ ಯಾವುದು?

ಇವುಗಳನ್ನು ಹಾಗೆಯೇ ಅನುಕರಿಸಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಬೀದರ್ ಸೀಮೆಯಲ್ಲಿ ಚಳಿಯು ಎರಡು ತಿಂಗಳ ಮಾತು. ಮನೆಯನ್ನು ಬೆಚ್ಚಗಿಡಲು ಕೊಳವೆ ಹಾಕುವುದು ದುಂದುವೆಚ್ಚ. ಬಿಸಿನೀರು ದೂರ ಹರಿದಷ್ಟೂ ಶಾಖ ಕಳೆದುಕೊಳ್ಳುವುದು. ಅದನ್ನು ಕಾಯಲು ಕೊಳವೆಗೆ ದಪ್ಪ ಹೊದಿಕೆ ಬೇಕು, ಮನೆಗಳು ಒತ್ತಾಗಿರಬೇಕು. ಆದಕಾರಣ ನಮ್ಮ ಹಳ್ಳಿಗೆ ಸಲ್ಲುವ ಸೂತ್ರವು ಬೇರೆ. ಅಲ್ಲಿ ಶಾಖವನ್ನು ಮನೆಗೆ ಒಯ್ಯುತ್ತಾರೆ; ನಾವು ಕೆಲಸವನ್ನು ಶಾಖವಿರುವಲ್ಲಿಗೆ ಒಯ್ಯಬೇಕು. ಅಲ್ಲಿ ತಂಪನ್ನು ಕಟ್ಟಡಕ್ಕೆ ಹರಿಸುತ್ತಾರೆ. ನಾವು ಹಾಲನ್ನೂ ಕಾಯಿಪಲ್ಲೆಯನ್ನೂ ತಂಪಿರುವಲ್ಲಿಗೆ ತರಬೇಕು.

ಕಲ್ಯಾಣದ ನಾಡಿನವರಿಗೆ ಇದು ಹೊಸ ವಿಚಾರವೇನೂ ಅಲ್ಲ. ದಾಸೋಹವೆಂದರೆ ಒಂದು ಒಲೆಯಿಂದ ನೂರಾರು ಜನರಿಗೆ ಅನ್ನವಲ್ಲವೇ? ನೂರು ಮನೆಗಳಲ್ಲಿ ನೂರು ಒಲೆ ಹೊತ್ತಿಸಿದುದಕ್ಕಿಂತ ದೊಡ್ಡದೊಂದು ಒಲೆಯಲ್ಲಿ ಕಟ್ಟಿಗೆ ಎಷ್ಟು ಉಳಿಯುವುದೆಂಬುದನ್ನು ಜಾತ್ರೆಯ ಅಡಿಗೆ ಮಾಡಿಸಿದವರೆಲ್ಲರೂ ಬಲ್ಲರು. ಬೀದರಿನ ನೌಬಾದಿನಲ್ಲಿ ಬಹಮನಿಯರ ಕಾಲದ ಸುರಂಗ ಬಾವಿಯನ್ನು ನೋಡಿದವರಿಗೆ ಇನ್ನೊಂದು ಮಾತೂ ತಿಳಿದಿರುವುದು. ನೆಲದಡಿಯಲ್ಲಿ ಸುಮಾರು ೩ ಕಿಲೋಮೀಟರ್ ನೀರನ್ನು ಹರಿಸುತ್ತಿದ್ದ ಆ ಉತ್ತಮ ಕಾರ್ಯವು, ನೋಡಿಕೊಳ್ಳುವವರಿಲ್ಲದೆ ಹೂಳು ಕಸಗಳಿಂದ ಮುಚ್ಚಿಹೋಗಿ, ಇತ್ತೀಚಿನ ವರ್ಷಗಳಲ್ಲಿ ಮತ್ತೆ ಶುದ್ಧಿಯಾಗಬೇಕಾಯಿತು. ಹಂಚಿಕೊಂಡ ಸೊತ್ತು ಎಲ್ಲರದೂ ಹೌದು. ಹೊಣೆಯನ್ನು ಹಂಚದಿದ್ದರೆ ಅದು ಯಾರದೂ ಅಲ್ಲ.

ಪುರ ಗ್ರಾಮದ ಪಾಠ

ನಮ್ಮ ರಾಜ್ಯದಲ್ಲಿಯೇ ಈ ವಿಷಯದಲ್ಲಿ ಒಂದು ಒಳ್ಳೆಯ ಪರೀಕ್ಷೆಯು ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಗ್ರಾಮೋಪಯೋಗಿ ವಿಜ್ಞಾನಕ್ಕಾಗಿ "ಅಸ್ತ್ರ" ಎಂಬ ವಿಭಾಗವು ಸ್ಥಾಪಿತವಾಯಿತು. ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿಯವರು ಅದರ ಮೂಲಪುರುಷರು. ಅವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಮೊದಲು ಲೆಕ್ಕ ತೆಗೆದರು. ಅಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ಬಹುಪಾಲು ಸೌದೆಯೇ ಎಂದೂ, ಅದನ್ನು ತರುವುದಕ್ಕಾಗಿ ಕುಟುಂಬವೊಂದಕ್ಕೆ ದಿನಕ್ಕೆ ಸುಮಾರು ಎರಡೂವರೆ ಗಂಟೆಯ ಹೊತ್ತು ಹಿಡಿಯುತ್ತಿತ್ತೆಂದೂ ಕಂಡುಬಂದಿತು.

ಇದನ್ನು ತಪ್ಪಿಸುವುದಕ್ಕಾಗಿ ಊರಿನ ಸೆಗಣಿಯನ್ನೆಲ್ಲ ಒಂದೆಡೆ ಕೂಡಿಸಿ, ಅನಿಲವನ್ನು ಅಡಿಗೆಗೆ ಕೊಡಬೇಕೆಂದು ಮೊದಲು ಯತ್ನಿಸಿದರು. ಆದರೆ ದೊರೆತ ಸೆಗಣಿಯು ಎಲ್ಲ ಮನೆಗಳ ಅಡಿಗೆಗೆ ಸಾಲದೆ ಆ ಪ್ರಯತ್ನವು ನಿಂತುಹೋಯಿತು. ಬಳಿಕ ಅವರು ಗ್ರಾಮಸ್ಥರೊಡನೆ ಕುಳಿತು, ಇರುವ ಅನಿಲದಿಂದ ಯಾವ ಕೆಲಸವಾದರೆ ಎಲ್ಲರಿಗೂ ಸಮನಾಗಿ ಲಾಭವಾಗುವುದೆಂದು ವಿಚಾರ ಮಾಡಿದರು. ಕುಡಿಯುವ ನೀರು ಬೇಕು, ಮನೆಗೆ ದೀಪ ಬೇಕು ಎಂಬ ಉತ್ತರ ಬಂದಿತು. ೧೯೮೭ರಿಂದ ಆ ಅನಿಲವನ್ನು ಸ್ವಲ್ಪ ಡೀಸೆಲ್ಲಿನೊಡನೆ ಸಣ್ಣ ಎಂಜಿನಿಗೆ ಕೊಟ್ಟು, ವಿದ್ಯುತ್ತನ್ನು ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ ಬೆಳಕನ್ನು ಮನೆಗಳಿಗೂ ಒದಗಿಸಿದರು. ಸೆಗಣಿ ತಂದವರಿಗೆ ಕಿಲೋವಿಗೆ ೨ ಪೈಸೆ ಕೊಡಲಾಗುತ್ತಿತ್ತು. ಅನಿಲ ಹೋದ ಮೇಲೆ ಉಳಿದ ಬಗ್ಗಡವು ಅವರವರ ಸೆಗಣಿಯ ಪ್ರಮಾಣಕ್ಕೆ ತಕ್ಕಂತೆ ಗೊಬ್ಬರವಾಗಿ ಹಿಂದಿರುಗುತ್ತಿತ್ತು. ತೂಕವನ್ನು ದಿನದಿನವೂ ಬರೆದಿಡುತ್ತಿದ್ದರು. ಊರಿನ ಯುವಕರೇ ಸ್ಥಾವರವನ್ನು ನಡೆಸಿದರು. ಅದು ಹಲವು ವರ್ಷ ನಡೆದು ಇತರರಿಗೆ ಮಾದರಿಯಾಯಿತು. ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ೧೯೮೮ರಲ್ಲಿ ಸೌದೆಯಿಂದ ಅನಿಲ ತೆಗೆಯುವ ಯಂತ್ರವನ್ನು ಸ್ಥಾಪಿಸಿ, ಅದಕ್ಕೆ ಬೇಕಾದ ಮರಗಳನ್ನೂ ಊರಿನ ಪಕ್ಕದಲ್ಲಿಯೇ ಬೆಳೆಸಿದರು.

ಪುರ ಗ್ರಾಮದ ಪಾಠವು ಸಂಕ್ಷೇಪದಲ್ಲಿ ಇಷ್ಟು: ಅಡಿಗೆಯ ಅನಿಲವು ಒಬ್ಬನು ಹೆಚ್ಚು ಬಳಸಿದರೆ ಮತ್ತೊಬ್ಬನಿಗೆ ಕಡಿಮೆಯಾಗುವ ವಸ್ತು, ಅದರಲ್ಲಿ ಜಗಳಕ್ಕೆ ಎಡೆಯುಂಟು. ನಲ್ಲಿಯ ನೀರು ನಿಂತರೆ ಎಲ್ಲರಿಗೂ ನಿಲ್ಲುವುದು. ಆದಕಾರಣ ಅದನ್ನು ನಿಲ್ಲಗೊಡದಿರಲು ಎಲ್ಲರೂ ಸೆಗಣಿ ತರುವರು. ಹಂಚಿಕೊಳ್ಳುವ ಸ್ಥಾವರಕ್ಕೆ ಹಂಚಿಕೊಳ್ಳುವ ಸ್ವಭಾವದ ಕೆಲಸವನ್ನೇ ಒಪ್ಪಿಸತಕ್ಕದ್ದು.

ನನ್ನ ಕೈಯಲ್ಲಾದ ತಪ್ಪು

ಈ ಪಾಠವನ್ನು ಓದಿದ್ದರೂ ನಾನು ಅದನ್ನು ಅನುಸರಿಸದೆ ಒಮ್ಮೆ ಕೆಟ್ಟೆನೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನನ್ನ ಸರ್ಕಲಿನ ಒಂದು ಹಳ್ಳಿಯವರು ಸಾಮೂಹಿಕ ಗೋಬರ್ ಗ್ಯಾಸಿನ ವಿಷಯದಲ್ಲಿ ನನ್ನ ಸಲಹೆ ಕೇಳಿದರು. ಜಾನುವಾರುಗಳ ಪಟ್ಟಿಯನ್ನು ನೋಡಿದೆನು, ೧೨೦ ರಾಸುಗಳಿದ್ದುವು. ರಾಸಿಗೆ ೧೦ ಕಿಲೋ ಸೆಗಣಿಯೆಂದು ಪುಸ್ತಕದ ಲೆಕ್ಕ ಹಿಡಿದು, ದಿನಕ್ಕೆ ೧,೨೦೦ ಕಿಲೋ ಬರುವುದೆಂದು ಬರೆದೆನು. ೨೫ ಕಿಲೋ ಹಸಿ ಸೆಗಣಿಯಿಂದ ಸುಮಾರು ೧ ಘನಮೀಟರ್ ಅನಿಲ ಹುಟ್ಟುವುದರಿಂದ ೪೮ ಘನಮೀಟರ್ ಆಯಿತು. ಮನೆಗೆ ೨ ಘನಮೀಟರಿನಂತೆ ೨೪ ಮನೆಗಳಿಗೆ ಅಡಿಗೆಯ ಅನಿಲ ಕೊಡಬಹುದೆಂದು ಮಾತು ಕೊಟ್ಟೆನು.

ಸ್ಥಾವರವೇನೋ ಚೆನ್ನಾಗಿ ಎದ್ದಿತು. ಆದರೆ ರಾಸುಗಳು ಹಗಲೆಲ್ಲ ಮೇಯಲು ಹೋಗುತ್ತಿದ್ದುವು. ಆ ಸೆಗಣಿಯು ಅಡವಿಯ ಪಾಲು. ಬೇಸಗೆಯಲ್ಲಿ ಮೇವು ತೆಳುವಾದಾಗ ಸೆಗಣಿಯೂ ತೆಳುವಾಯಿತು. ಮನೆ ಸಾರಿಸುವುದಕ್ಕೂ ಕಣ ಮಾಡುವುದಕ್ಕೂ ಒಂದಿಷ್ಟು ಬೇಕೇ ಬೇಕಾಗಿತ್ತು. ಕೊನೆಗೆ ಸ್ಥಾವರಕ್ಕೆ ಬಂದುದು ೬೦೦ ಕಿಲೋವಿಗೆ ಮೀರಲಿಲ್ಲ. ೨೪ ಮನೆಗಳ ಕೊಳವೆಗೆ ೧೨ ಮನೆಗಳ ಅನಿಲವು! ಮೊದಲ ಮನೆಯವರ ರೊಟ್ಟಿ ಬೆಂದಿತು. ಕೊಳವೆಯ ಕೊನೆಯ ಮನೆಯವರು ದೀಪ ಹಚ್ಚುವ ಹೊತ್ತಿಗೆ ಮತ್ತೆ ಕುಳ್ಳು ಹೊತ್ತಿಸಿದರು. ಅವರು ಸೆಗಣಿ ಕೊಡುವುದನ್ನು ನಿಲ್ಲಿಸಿದರು. ಆಗ ಮೊದಲ ಮನೆಯ ಒಲೆಯೂ ಆರಿತು. ವರ್ಷ ತುಂಬುವುದರೊಳಗೆ ಗುಂಡಿಯು ಬರಿದಾಗಿ ಬಿದ್ದಿತು.

ಒಬ್ಬ ಮುದುಕಿಯು ನನ್ನನ್ನು ಕರೆದು, "ಎಮ್ಮಿ ಎಣಿಸಿದ್ರಿ ಸಾಹೇಬ್ರ, ಎಮ್ಮಿ ತಿನ್ನೋ ಮೇವು ಎಣಿಸಲಿಲ್ಲ" ಎಂದಳು. "ಹೌದವ್ವಾ, ತಪ್ಪು ನಂದೇ" ಎಂದೆನು. ಆ ಹಳ್ಳಿಯವರು ಕಳೆದುಕೊಂಡುದು ಹಣವನ್ನು ಮಾತ್ರವಲ್ಲ. ಕೂಡಿ ಕೆಲಸ ಮಾಡಬಹುದೆಂಬ ನಂಬಿಕೆಯನ್ನು ಕಳೆದುಕೊಂಡರು. ಅದನ್ನು ಮತ್ತೆ ಗಳಿಸುವುದು ಸ್ಥಾವರ ಕಟ್ಟುವುದಕ್ಕಿಂತ ಕಷ್ಟ. ಆದಕಾರಣವೇ ಮುಂದಿನ ಕ್ರಮವನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಸೆಗಣಿಯ ತೂಕ ಹಿಡಿಯುವ ಕ್ರಮ

ರಾಸುಗಳ ತಲೆಯನ್ನು ಎಣಿಸಕೂಡದು, ಸೆಗಣಿಯನ್ನು ತೂಗತಕ್ಕದ್ದು. ಮಳೆಗಾಲ, ಚಳಿಗಾಲ, ಬೇಸಗೆ ಈ ಮೂರು ಕಾಲಗಳಲ್ಲಿಯೂ ಒಂದೊಂದು ವಾರ, ಪ್ರತಿ ಕೊಟ್ಟಿಗೆಯ ಸೆಗಣಿಯನ್ನು ಬೆಳಗಿನ ಹೊತ್ತು ತೂಗಿ ಬರೆಯಬೇಕು. ಅದರಲ್ಲಿ ಮನೆಯವರು ತಮ್ಮ ಉಪಯೋಗಕ್ಕೆ ಇಟ್ಟುಕೊಳ್ಳುವ ಪಾಲನ್ನು ಅವರ ಬಾಯಿಂದಲೇ ಕೇಳಿ ಕಳೆಯಬೇಕು. ಈ ಮಾತನ್ನು ಗಂಡಸರಿಗಿಂತ ಹೆಂಗಸರನ್ನು ಕೇಳುವುದು ಮೇಲು. ಮೂರು ಕಾಲಗಳ ಲೆಕ್ಕದಲ್ಲಿ ಅತಿ ಕಡಿಮೆಯಾದ ಅಂಕಿಯನ್ನು ಹಿಡಿದು ಸ್ಥಾವರದ ಗಾತ್ರವನ್ನು ಗೊತ್ತುಪಡಿಸಬೇಕು. ಹೆಚ್ಚು ಬಂದ ಕಾಲದಲ್ಲಿ ತಿಪ್ಪೆಗೆ ಹಾಕಬಹುದು. ಕಡಿಮೆ ಬಂದ ಕಾಲದಲ್ಲಿ ಎಲ್ಲಿಂದಲೂ ತರಲಾಗದು.

ಪ್ರತಿ ಮನೆಯಲ್ಲಿಯೂ ನಾಲ್ಕೈದು ರಾಸುಗಳನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿ ಮೇಯಿಸುವ ಊರಾದರೆ ಸಾಮೂಹಿಕ ಸ್ಥಾವರದ ಗೊಡವೆ ಬೇಡ. ಮನೆಗೊಂದು ೨ ಘನಮೀಟರಿನ ದೀನಬಂಧು ಮಾದರಿಯ ಸ್ಥಾವರವೇ ಸಾಕು. ಶಿರಸಿ ತಾಲ್ಲೂಕಿನ ತೋಟಿಗರ ಮನೆಗಳಲ್ಲಿ ಇಂತಹ ಸ್ಥಾವರಗಳು ಚೆನ್ನಾಗಿ ನಡೆದಿವೆ. ಆದರೆ ನಮ್ಮ ಸೀಮೆಯ ಅನೇಕ ಹಳ್ಳಿಗಳಲ್ಲಿ ಕೆಲವರಿಗೆ ಹತ್ತು ರಾಸು, ಹಲವರಿಗೆ ಒಂದೆರಡು, ಉಳಿದವರಿಗೆ ಒಂದೂ ಇಲ್ಲ. ಕೂಡಿ ಮಾಡುವ ಏರ್ಪಾಟು ಇಂತಹ ಊರುಗಳಿಗೇ ಬೇಕಾದುದು.

ಯಾವ ಕೆಲಸಕ್ಕೆ ಎಷ್ಟು ಶಕ್ತಿ?

ಮೇಲೆ ಹೇಳಿದ ೬೦೦ ಕಿಲೋ ಸೆಗಣಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರಿಂದ ದಿನಕ್ಕೆ ಸುಮಾರು ೨೪ ಘನಮೀಟರ್ ಅನಿಲ ದೊರೆಯುವುದು. ಘನಮೀಟರಿಗೆ ಒಂದೂವರೆ ಯೂನಿಟ್ಟಿನಂತೆ ಎಂಜಿನಿನಿಂದ ೩೬ ಯೂನಿಟ್ ವಿದ್ಯುತ್ತು ಸಿಕ್ಕುವುದು. ಇಂದು ನಮ್ಮ ಹಳ್ಳಿಗಳಿಗೆ ವಿದ್ಯುತ್ತಿನ ತಂತಿ ಬಂದಿರುವುದರಿಂದ ದೀಪಕ್ಕಾಗಿಯೇ ಸ್ಥಾವರ ಕಟ್ಟುವ ಅವಶ್ಯಕತೆಯಿಲ್ಲ. ತಂತಿಯಲ್ಲಿ ವಿದ್ಯುತ್ತು ನಿಂತಾಗ ಕಾದು ಕುಳಿತುಕೊಳ್ಳಲಾರದ ಕೆಲಸಗಳಿಗೆ ಇದನ್ನು ಮೀಸಲಿಡತಕ್ಕದ್ದು. ಅಂತಹ ಕೆಲಸಗಳು ಎರಡು: ಕುಡಿಯುವ ನೀರು ಮತ್ತು ಹಾಲು.

೩ ಅಶ್ವಶಕ್ತಿಯ ಪಂಪು ೩ ಗಂಟೆ ನಡೆದರೆ ಸುಮಾರು ೮ ಯೂನಿಟ್ ಬೇಕಾಗುವುದು. ಕರೆದ ಹಾಲಿನ ಉಷ್ಣತೆಯು ಸುಮಾರು ೩೫ ಡಿಗ್ರಿ. ಅದನ್ನು ಬೇಗನೆ ೪ ಡಿಗ್ರಿಗೆ ಇಳಿಸಿದರೆ ಕ್ರಿಮಿಗಳ ಬೆಳವಣಿಗೆ ತಗ್ಗಿ ಹಾಲು ಉಳಿಯುವುದು. ೫೦೦ ಲೀಟರ್ ಹಾಲನ್ನು ಹೀಗೆ ತಣಿಸಲು ಸುಮಾರು ೭ ಯೂನಿಟ್ ಸಾಕು. ಎರಡೂ ಸೇರಿ ೧೫ ಯೂನಿಟ್ ಆದುವು. ಉಳಿದ ೨೧ ಯೂನಿಟ್ಟಿನಲ್ಲಿ ಹಿಟ್ಟಿನ ಗಿರಣಿ, ಶಾಲೆ, ಬೀದಿಯ ದೀಪಗಳಿಗೆ ಕೊಟ್ಟು, ಸ್ವಲ್ಪವನ್ನು ಕೈಗಾವಲಿಗೆ ಇಟ್ಟುಕೊಳ್ಳಬಹುದು. ಲೆಕ್ಕದಲ್ಲಿ ಬಂದುದನ್ನೆಲ್ಲ ಹಂಚಿಬಿಟ್ಟರೆ ಎಂಜಿನ್ ಕೆಟ್ಟ ದಿನವೇ ಜಗಳ ಹುಟ್ಟುವುದು.

ಹೋಗುವ ಶಾಖವನ್ನು ಹಿಡಿಯುವುದು

ಸಣ್ಣ ಎಂಜಿನುಗಳು ಅನಿಲದ ಶಕ್ತಿಯಲ್ಲಿ ಕಾಲುಪಾಲನ್ನು ಮಾತ್ರ ಕೆಲಸಕ್ಕೆ ತರುತ್ತವೆ. ಉಳಿದುದು ತಣಿಸುವ ನೀರಿನಲ್ಲಿಯೂ ಹೊಗೆಯಲ್ಲಿಯೂ ಹೋಗುವುದು. ಯ್ಯೂಂಡೆಯವರು ಮನೆ ಬೆಚ್ಚಗಿಟ್ಟುದು ಈ ಶಾಖದಿಂದಲೇ. ನಮ್ಮಲ್ಲಿ ಇದಕ್ಕೆ ಬೇರೆ ಉಪಯೋಗವುಂಟು. ಅನಿಲ ಹುಟ್ಟಿಸುವ ಕ್ರಿಮಿಗಳಿಗೆ ೩೫ ಡಿಗ್ರಿಯ ಸುಮಾರಿನ ಬೆಚ್ಚಗೆ ಹಿತವು; ೨೦ ಡಿಗ್ರಿಗಿಂತ ಇಳಿದರೆ ಅವು ಮಂದವಾಗುವುವು. ಪುಷ್ಯ ಮಾಘಗಳ ಚಳಿಯಲ್ಲಿ ನಮ್ಮ ಕಡೆ ಅನಿಲ ಕಡಿಮೆಯಾಗುವುದು ಇದರಿಂದಲೇ. ೬೦೦ ಕಿಲೋ ಸೆಗಣಿಗೆ ಬೆರೆಸುವ ೬೦೦ ಲೀಟರ್ ನೀರನ್ನು ೨೦ ಡಿಗ್ರಿಗಳಷ್ಟು ಬಿಸಿ ಮಾಡಲು ೧೨,೦೦೦ ಕಿಲೋಕ್ಯಾಲರಿ ಶಾಖ ಬೇಕು. ೨೪ ಘನಮೀಟರ್ ಅನಿಲದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಿಲೋಕ್ಯಾಲರಿ ಇರುವುದರಿಂದ, ಎಂಜಿನಿನ ತಣಿಸುವ ನೀರನ್ನು ಸೆಗಣಿ ಕಲಸುವ ತೊಟ್ಟಿಗೆ ತಿರುಗಿಸಿದರೆ ಬೇಕಾದ ಶಾಖವು ಪುಕ್ಕಟೆಯಾಗಿ ಬರುವುದು. ಆದರೆ ನೀರು ಬೆಚ್ಚಗಿರಬೇಕೇ ಹೊರತು ಕುದಿಯುವಷ್ಟು ಬಿಸಿಯಾಗಿರಕೂಡದು.

ಹಾಲು ತಣಿಸುವ ಯಂತ್ರವೂ ಹಾಲಿನಿಂದ ತೆಗೆದ ಶಾಖವನ್ನು ಹಿಂದಿನ ಜಾಲರಿಯಿಂದ ಗಾಳಿಗೆ ಬಿಡುವುದು. ೫೦೦ ಲೀಟರ್ ಹಾಲಿನಿಂದ ಬಂದ ಶಾಖವು ಹೆಚ್ಚುಕಡಿಮೆ ಅಷ್ಟೇ ನೀರನ್ನು ೨೫-೩೦ ಡಿಗ್ರಿಗಳಷ್ಟು ಬಿಸಿ ಮಾಡತಕ್ಕಷ್ಟಿರುವುದು. ಯಂತ್ರವನ್ನು ಕೊಳ್ಳುವಾಗಲೇ ಈ ಶಾಖವನ್ನು ನೀರಿಗೆ ಇಳಿಸುವ ಉಪಕರಣವನ್ನು ಕೇಳಿ ಪಡೆದರೆ, ಕ್ಯಾನು ತೊಳೆಯುವ ನೀರಿಗೆ ಕಟ್ಟಿಗೆ ಉಳಿಯುವುದು. ಒಂದೇ ಯಂತ್ರದಿಂದ ಒಂದು ಕಡೆ ತಂಪು, ಒಂದು ಕಡೆ ಬಿಸಿ.

ಗಾಣದ ಮಾಲಿಕರಿಗೆ ಒಂದು ಮಾತು. ಸಕ್ಕರೆ ಕಾರ್ಖಾನೆಗಳು ಒಂದು ಟನ್ ಕಬ್ಬಿನಿಂದ ಬರುವ ಸುಮಾರು ೩೦೦ ಕಿಲೋ ಹಸಿ ಸಿಪ್ಪೆಯನ್ನು ಉರಿಸಿ ಆವಿ ಮಾಡುತ್ತವೆ. ಆ ಆವಿಯು ಮೊದಲು ವಿದ್ಯುತ್ತಿನ ಯಂತ್ರವನ್ನು ತಿರುಗಿಸಿ, ಅನಂತರ ಅದೇ ಆವಿಯು ರಸವನ್ನು ಕುದಿಸುವುದು. ಒಂದೇ ಬೆಂಕಿಗೆ ಎರಡು ಕೆಲಸ. ನಮ್ಮ ಗಾಣಗಳಲ್ಲಿ ಒಂದೇ ಕೊಪ್ಪರಿಗೆಯಿಟ್ಟು ಉಳಿದ ಉರಿಯನ್ನು ಹೊಗೆಗೂಡಿಗೆ ಕಳುಹುತ್ತೇವೆ. ಹೊಗೆ ಹೋಗುವ ದಾರಿಯ ಮೇಲೆ ಎರಡನೆಯ ಕೊಪ್ಪರಿಗೆಯನ್ನು ಕೂಡಿಸಿದರೆ ಮುಂದಿನ ಸರದಿಯ ರಸವು ಮೊದಲೇ ಕಾಯ್ದು ನಿಲ್ಲುವುದು. ಸಿಪ್ಪೆಯೂ ಹೊತ್ತೂ ಉಳಿಯುವುವು. ಉಳಿದ ಸಿಪ್ಪೆಯನ್ನು ಹೊಲಕ್ಕೆ ಹೊದಿಕೆಯಾಗಿ ಹಾಸಬಹುದು.

ಊರಿನ ತಂಪುಮನೆ

ಎಂಜಿನಾಗಲಿ ವಿದ್ಯುತ್ತಾಗಲಿ ಇಲ್ಲದೆಯೂ ಕಾಯಿಪಲ್ಲೆಯನ್ನು ಕಾಯುವ ಉಪಾಯವುಂಟು. ಮಣ್ಣಿನ ಕೊಡದ ನೀರು ತಣ್ಣಗಿರುವುದು ಯಾವ ತತ್ತ್ವದಿಂದಲೋ ಅದೇ ತತ್ತ್ವದ ಮೇಲೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಇಟ್ಟಿಗೆಯ ತಂಪುಗೂಡನ್ನು ರೂಪಿಸಿದ್ದಾರೆ. ಅದನ್ನು ಕಟ್ಟುವ ಕ್ರಮವು ಹೀಗೆ: ನೆರಳೂ ಗಾಳಿಯೂ ಇರುವಲ್ಲಿ, ನೀರಿನ ಹತ್ತಿರ, ೧೬೫ ಸೆಂಟಿಮೀಟರ್ ಉದ್ದ ೧೧೫ ಸೆಂಟಿಮೀಟರ್ ಅಗಲದ ಇಟ್ಟಿಗೆಯ ನೆಲವನ್ನು ಹಾಸಬೇಕು. ಅದರ ಮೇಲೆ ಏಳೂವರೆ ಸೆಂಟಿಮೀಟರ್ ಸಂದು ಬಿಟ್ಟು ಎರಡು ಗೋಡೆಗಳನ್ನು ಸುಮಾರು ೬೮ ಸೆಂಟಿಮೀಟರ್ ಎತ್ತರಕ್ಕೆ ಕಟ್ಟಬೇಕು. ಸಂದಿನಲ್ಲಿ ಶುದ್ಧವಾದ ಹೊಳೆಯ ಮರಳನ್ನು ತುಂಬಿ, ಗೋಡೆ ಮರಳು ಎರಡನ್ನೂ ನೀರಿನಿಂದ ಚೆನ್ನಾಗಿ ನೆನೆಸಬೇಕು. ಬಿದಿರಿನ ಚೌಕಟ್ಟಿಗೆ ಗೋಣಿ ಅಥವಾ ಹುಲ್ಲನ್ನು ಹೊದಿಸಿ ಮುಚ್ಚಳ ಮಾಡಿ, ಮೇಲೊಂದು ಚಪ್ಪರ ಹಾಕಬೇಕು. ಅನಂತರ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೀರು ಚಿಮುಕಿಸುತ್ತಿದ್ದರೆ ಸಾಕು.

ಇದರಲ್ಲಿ ಸುಮಾರು ೧೦೦ ಕಿಲೋ ಕಾಯಿಪಲ್ಲೆ ಹಿಡಿಸುವುದು. ಬಿರುಬೇಸಗೆಯಲ್ಲಿ ಹೊರಗಿನ ಬಿಸಿಗಿಂತ ೧೦ರಿಂದ ೧೫ ಡಿಗ್ರಿಗಳವರೆಗೆ ಒಳಗೆ ತಂಪಾಗುವುದು. ಒಳಗಣ ತೇವವು ಸುಮಾರು ೯೦ ಪಾಲಿಗೆ ಏರುವುದರಿಂದ ಸೊಪ್ಪು, ಟೊಮ್ಯಾಟೊ, ಬದನೆ, ಮೆಣಸಿನಕಾಯಿಗಳು ಬಾಡುವುದು ತಡವಾಗುವುದು. ನಮ್ಮ ಸೀಮೆಯ ಚೈತ್ರ ವೈಶಾಖಗಳ ಒಣಹವೆಗೆ ಇದು ಬಹಳ ಒಪ್ಪುವುದು. ಮಳೆಗಾಲದ ಹಸಿಹವೆಯಲ್ಲಿ ಇದರ ಗುಣ ಕಡಿಮೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಮತ್ತು ಕಾಳುಗಳನ್ನು ಇದರಲ್ಲಿ ಇಡಲೇಕೂಡದು. ತೇವದಿಂದ ಅವು ಕೆಡುವುವು.

ಒಬ್ಬೊಬ್ಬ ರೈತನೂ ಇದನ್ನು ಕಟ್ಟಿಕೊಳ್ಳಬಹುದು. ಆದರೆ ಹತ್ತು ಗೂಡುಗಳನ್ನು ಒಂದೇ ಚಪ್ಪರದಡಿ, ಊರ ನೀರಿನ ತೊಟ್ಟಿಯ ಬಳಿ ಸಾಲಾಗಿ ಕಟ್ಟಿದರೆ ಒಂದು ಟನ್ ಮಾಲು ನಿಲ್ಲುವುದು; ಒಬ್ಬನೇ ಆಳು ಎಲ್ಲಕ್ಕೂ ನೀರು ಚಿಮುಕಿಸುವನು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಟನ್ ಮಾಲು ಕೂಡಿದಲ್ಲಿ ಒಂದು ಗಾಡಿಯ ಬಾಡಿಗೆ ಹಂಚಿಹೋಗುವುದು. ಬಾಡುವ ಹೆದರಿಕೆಯಿಂದ ಸಂಜೆಯ ಪೇಟೆಯಲ್ಲಿ ಕೇಳಿದ ಬೆಲೆಗೆ ಕೊಟ್ಟು ಬರುವ ಕಷ್ಟವು ತಪ್ಪುವುದು. ರೈತನಿಗೆ ಒಂದು ರಾತ್ರಿಯ ವ್ಯವಧಾನ ದೊರೆತರೆ ಅದೇ ಲಾಭವು.

ಲೆಕ್ಕವೂ ನಿಬಂಧನೆಯೂ

ಸ್ಥಾವರಗಳು ಇಟ್ಟಿಗೆಯ ದೋಷದಿಂದ ಕೆಡುವುದಕ್ಕಿಂತ ಲೆಕ್ಕದ ದೋಷದಿಂದ ಕೆಡುವುದೇ ಹೆಚ್ಚು. ಆದಕಾರಣ ಗ್ರಾಮಪ್ರಮುಖರು ಗುದ್ದಲಿ ಹಾಕುವ ಮೊದಲೇ ಈ ಕೆಳಗಿನ ನಿಬಂಧನೆಗಳನ್ನು ಸಭೆಯಲ್ಲಿ ಓದಿ ಒಪ್ಪಿಸಿಕೊಳ್ಳತಕ್ಕದ್ದು:

(೧) ಸೆಗಣಿಯನ್ನು ಎಲ್ಲರ ಎದುರಿಗೆ ತೂಗಿ, ಮನೆಗೊಂದು ಪುಸ್ತಕದಲ್ಲಿ ಅಂದಂದೇ ಬರೆಯಬೇಕು. ದೊಡ್ಡ ಜಮೀನುದಾರರ ಸೆಗಣಿಗೂ ಬಡವರ ಬುಟ್ಟಿಗೂ ತಕ್ಕಡಿ ಒಂದೇ.

(೨) ಬಗ್ಗಡವನ್ನು ತೂಕದ ಪ್ರಮಾಣದಲ್ಲಿ ಹಿಂದಿರುಗಿಸಬೇಕು. ಕುಳ್ಳು ಮಾಡಿ ಉರಿಸಿದ ಸೆಗಣಿಯಲ್ಲಿ ಹೊಲಕ್ಕೆ ಉಳಿಯುವುದು ಬೂದಿ ಮಾತ್ರ. ಸ್ಥಾವರದಿಂದ ಬಂದ ಬಗ್ಗಡದಲ್ಲಿ ಸಾರಜನಕವು ಉಳಿದಿರುವುದು. ಗೊಬ್ಬರವು ತಪ್ಪದೆ ಹಿಂದಿರುಗುವುದೆಂದು ತಿಳಿದರೆ ಮಾತ್ರ ಭೂಮಾಲಿಕರು ಸೆಗಣಿಯನ್ನು ಮನಸಾರೆ ಕೊಡುವರು.

(೩) ರಾಸುಗಳಿಲ್ಲದ ಮನೆಗಳಿಗೂ ನೀರಿನಲ್ಲಿ ಸಮಭಾಗವಿರಬೇಕು. ಅವರು ಸೆಗಣಿ ಹೊರುವ, ತೂಗುವ, ಕಲಸುವ ಕೆಲಸ ಮಾಡಿದರೆ ಕೂಲಿ ಕೊಡಬೇಕು, ಬಿಟ್ಟಿಯಾಗಿ ಮಾಡಿಸಕೂಡದು.

(೪) ಸ್ಥಾವರವನ್ನು ನಡೆಸಲು ಊರಿನ ಇಬ್ಬರಿಗೆ ಶಿಕ್ಷಣ ಕೊಡಿಸಿ ಸಂಬಳ ಗೊತ್ತುಪಡಿಸಬೇಕು. ಒಬ್ಬನನ್ನೇ ನಂಬಿದರೆ ಅವನು ಊರು ಬಿಟ್ಟ ದಿನ ಸ್ಥಾವರವೂ ನಿಲ್ಲುವುದು.

(೫) ದುರಸ್ತಿಗೆಂದು ತಿಂಗಳು ತಿಂಗಳೂ ಸ್ವಲ್ಪ ಹಣವನ್ನು ಬೇರೆಯಾಗಿ ಕೂಡಿಡಬೇಕು. ಸರ್ಕಾರದ ಸಹಾಯಧನವು ಕಟ್ಟುವುದಕ್ಕೆ ಬರುವುದು. ನಡೆಸುವುದಕ್ಕೆ ಬರುವುದಿಲ್ಲವೆಂದು ತಿಳಿದಿರುವುದು ಒಳ್ಳೆಯದು.

(೬) ಅನಿಲದ ಕೊಳವೆಗಳನ್ನು ನೀರು ಹರಿದು ಒಂದೆಡೆ ಸೇರುವಂತೆ ಇಳಿಜಾರಾಗಿ ಹಾಕಿ, ಅಲ್ಲಿ ನೀರು ತೆಗೆಯುವ ಬಾಯಿಯನ್ನು ಇಡಬೇಕು. ಸ್ಥಾವರದ ಹತ್ತಿರ ಬೀಡಿ ಬೆಂಕಿಗಳನ್ನು ತರಕೂಡದು. ಬರಿದಾದ ಗುಂಡಿಯೊಳಗೆ ಕೂಡ ಯಾರೂ ಇಳಿಯಕೂಡದು. ಒಳಗೆ ನಿಂತ ವಿಷಗಾಳಿಯಿಂದ ಕ್ಷಣದಲ್ಲಿ ಪ್ರಾಣಹಾನಿಯಾಗುವುದು.

ಸಾಮೂಹಿಕ ಸೆಗಣಿ ಅನಿಲಕ್ಕಾಗಿ ಕೇಂದ್ರ ಸರ್ಕಾರವು ೨೦೧೮ರಲ್ಲಿ ಗೋಬರ್‌ಧನ್ ಎಂಬ ಯೋಜನೆಯನ್ನೂ, ಶೀತಗೃಹ ಮೊದಲಾದುವುಗಳ ಸಾಲಕ್ಕೆ ಬಡ್ಡಿಯ ರಿಯಾಯಿತಿ ಕೊಡುವ ಕೃಷಿ ಮೂಲಸೌಕರ್ಯ ನಿಧಿಯನ್ನು ೨೦೨೦ರಲ್ಲಿಯೂ ಆರಂಭಿಸಿತು. ಸದ್ಯದ ನಿಯಮಗಳನ್ನು ಗ್ರಾಮ ಪಂಚಾಯತಿಯಲ್ಲಿಯೂ ರೈತ ಸಂಪರ್ಕ ಕೇಂದ್ರದಲ್ಲಿಯೂ ವಿಚಾರಿಸಿ ತಿಳಿಯಬೇಕು. ಆದರೆ ಸಹಾಯಧನದ ಮೊತ್ತವನ್ನು ನೋಡಿ ಸ್ಥಾವರದ ಗಾತ್ರವನ್ನು ಗೊತ್ತುಪಡಿಸುವುದು ಅಂಗಿಯನ್ನು ನೋಡಿ ಮೈಯನ್ನು ಅಳೆದಂತೆ.

ಮುಕ್ತಾಯ

ಮೊದಲ ವರ್ಷ ಸೆಗಣಿಯನ್ನು ತೂಗುವುದರಲ್ಲಿಯೂ, ಊರಿಗೆ ಎರಡು ತಂಪುಗೂಡುಗಳನ್ನು ಕಟ್ಟಿ ನೋಡುವುದರಲ್ಲಿಯೂ ಕಳೆದರೆ ನಷ್ಟವೇನೂ ಇಲ್ಲ. ತಕ್ಕಡಿಗೂ ಒಂದಿಷ್ಟು ಇಟ್ಟಿಗೆಗೂ ಆಗುವಷ್ಟೇ ಖರ್ಚು. ಆ ವರ್ಷದಲ್ಲಿ ಊರಿನವರು ಕೂಡಿ ಲೆಕ್ಕವಿಡಬಲ್ಲರೋ ಇಲ್ಲವೋ ಎಂಬುದು ತಾನಾಗಿಯೇ ತಿಳಿಯುವುದು. ಇಡಬಲ್ಲರಾದರೆ ಎರಡನೆಯ ವರ್ಷ ಸ್ಥಾವರಕ್ಕೆ ಕೈ ಹಾಕಬಹುದು. ಇಡಲಾರರಾದರೆ ಯಾವ ಯಂತ್ರವೂ ಅವರನ್ನು ಕೂಡಿಸಲಾರದು.

ಮೋರಖಂಡಿಯ ಹಿರಿಯರಿಗೆ ಅಂದು ನಾನು ಕೊನೆಗೆ ಹೇಳಿದುದು ಇದನ್ನೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಮೊದಲ ತಕ್ಕಡಿ ತರಸ್ತೀವ್ರಿ ಸಾಹೇಬ್ರ" ಎಂದರು. ಸ್ಥಾವರದ ಮಾತು ಎತ್ತಿದ ಊರುಗಳು ಬಹಳ. ಮೊದಲು ತಕ್ಕಡಿಯ ಮಾತು ಎತ್ತಿದವರನ್ನು ನಾನು ನೋಡಿದುದು ಅದೇ ಮೊದಲು. ಓದುಗರೂ ತಮ್ಮ ತಮ್ಮ ಊರುಗಳಲ್ಲಿ ಅಲ್ಲಿಂದಲೇ ಆರಂಭಿಸಬೇಕೆಂದು ಬೇಡುತ್ತೇನೆ.